ಮೊದಲ ದಿನದ ದಾಖಲೆ ಅಚ್ಚಾಗಲಿ, ಛೇದವೂ ಜೊತೆಗಿರಲಿ

ಮಾನ್ಯ ಸಂಪಾದಕರಿಗೆ,

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮಾರ್ಚ್ ಕೊನೆಯಲ್ಲೋ ಏಪ್ರಿಲ್ ಮೊದಲಲ್ಲೋ ಶುರುವಾಗುತ್ತದೆ. ಆ ವಾರ ನಮ್ಮ ಪತ್ರಿಕೆಗಳ ಕ್ರೀಡಾಪುಟದ ಬುಡದಲ್ಲಿ ಸುದ್ದಿಸಂಸ್ಥೆಯ ನಾಲ್ಕು ಸಾಲು ಕಾಣಿಸುವುದುಂಟು: ಯಾರೋ ಮೊದಲ ಪಂದ್ಯದಲ್ಲೇ ಮೂರು ಹೋಮ್ ರನ್ (ನಾಲ್ಕೂ ಬೇಸ್ ಸುತ್ತಿ ಬರುವ ಹೊಡೆತ) ಬಾರಿಸಿದರು, ಯಾರದೋ ಸರಾಸರಿ ಆಕಾಶಕ್ಕೇರಿತು. ಮೇಲೆ ‘ಬೆಳೆಯುವ ಪೈರು ಮೊಳಕೆಯಲ್ಲೇ’ ಎಂಬ ಧಾಟಿಯ ತಲೆಬರಹ. ಸುದ್ದಿ ಸುಳ್ಳಲ್ಲ. ಅಂಶ ಇರುತ್ತದೆ, ಛೇದ ಇರುವುದಿಲ್ಲ, ಅಷ್ಟೇ. ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುವ ಆಟವಿದು. ಮೊದಲ ಪಂದ್ಯದ ಅಂಕಿಯನ್ನು ಛೇದ ಬಿಟ್ಟು ಅಚ್ಚು ಮಾಡಿದರೆ ಓದುಗರಿಗೆ ಅರ್ಧ ಸುದ್ದಿ ಮಾತ್ರ ಸಿಗುತ್ತದೆ, ಅದೂ ರುಚಿ ಕಡಿಮೆ ಇರುವ ಅರ್ಧ.

ಹಳೆಯ ಒಗಟೊಂದರಿಂದ ಶುರು ಮಾಡೋಣ. ಒಂದು ತಂಡದ ಎಲ್ಲ ಬ್ಯಾಟರ್‌ಗಳೂ ಇಡೀ ಪಂದ್ಯ ಆಡಿದರು, ಆದರೆ ಒಬ್ಬರ ಬ್ಯಾಟಿಂಗ್ ಸರಾಸರಿಯೂ ಬದಲಾಗಲಿಲ್ಲ. ಹೇಗೆ? ಉತ್ತರ 1940ರ ಏಪ್ರಿಲ್ 16ರ ಪಂದ್ಯ, ಚಿಕಾಗೊದ ಕಮಿಸ್ಕಿ ಪಾರ್ಕ್. ಕ್ಲೀವ್‌ಲ್ಯಾಂಡ್ ಇಂಡಿಯನ್ಸ್‌ನ 21 ವರ್ಷದ ಪಿಚರ್ (ಚೆಂಡು ಎಸೆಯುವವರು) ಬಾಬ್ ಫೆಲ್ಲರ್ ಅಂದು ವೈಟ್ ಸಾಕ್ಸ್ ತಂಡಕ್ಕೆ ಒಂದೇ ಒಂದು ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಡದೆ 1–0ಯಿಂದ ಗೆದ್ದರು. ಆ ಒಂದು ರನ್ ಬಂದದ್ದು ನಾಲ್ಕನೇ ಇನಿಂಗ್ಸ್‌ನಲ್ಲಿ (ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಒಂದೊಂದರಲ್ಲೂ ತಂಡಕ್ಕೆ ಮೂರು ಔಟ್): ಜೆಫ್ ಹೀತ್ ಸಿಂಗಲ್ ಹೊಡೆದು ಮೊದಲ ಬೇಸ್ ಮುಟ್ಟಿದರು, ರಾಲಿ ಹೆಮ್ಸ್ಲಿಯ ಟ್ರಿಪಲ್‌ಗೆ (ಮೂರು ಬೇಸ್‌ನ ಹೊಡೆತ) ಓಡಿ ಕೊನೆಯ ‘ಹೋಮ್’ ಬೇಸ್ ಮುಟ್ಟಿದರು. ವೈಟ್ ಸಾಕ್ಸ್ ಆಟಗಾರರು ಬೆಳಿಗ್ಗೆ .000 ಸರಾಸರಿಯಲ್ಲಿ ಮೈದಾನಕ್ಕೆ ಬಂದು ಸಂಜೆ .000 ಸರಾಸರಿಯಲ್ಲೇ ಮನೆಗೆ ಹೋದರು. ಇಂಥದ್ದು ಆಗಲು ಸಾಧ್ಯವಿರುವುದು ಋತುವಿನ ಮೊದಲ ಪಂದ್ಯದಲ್ಲಿ ಮಾತ್ರ. ಮೇಜರ್ ಲೀಗ್‌ನಲ್ಲಿ ಮೊದಲ ದಿನ ಪೂರ್ತಿಗೊಂಡ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಸಿಗದ ಪಂದ್ಯ) ಎಂದರೆ ಇಂದಿಗೂ ಇದೊಂದೇ.

ಒಗಟು ಚೆನ್ನಾಗಿದೆ, ಆದರೆ ಗಣಿತದ ಮೇಷ್ಟ್ರು ಒಪ್ಪುವುದಿಲ್ಲ. ಬೆಳಿಗ್ಗೆಯ ಸರಾಸರಿ ಸೊನ್ನೆಯಲ್ಲ, 0/0. ಅದಕ್ಕೆ ಬೆಲೆಯೇ ಇಲ್ಲ. ಸಂಜೆಯದು ಮೂರೋ ನಾಲ್ಕೋ ಸರದಿಗೆ ಸೊನ್ನೆ ಹಿಟ್, 0/3 ಅಥವಾ 0/4, ಅದು ನಿಜವಾದ ಸೊನ್ನೆ. ಪತ್ರಿಕೆಗಳ ಪಟ್ಟಿಯಲ್ಲಿ ಎರಡನ್ನೂ .000 ಎಂದೇ ಅಚ್ಚು ಹಾಕುವುದರಿಂದ ಒಗಟು ಹುಟ್ಟಿಕೊಂಡಿತು. ಆಟ ಶುರುವಾಗುವ ಮುನ್ನ ಎಲ್ಲರೂ 0/0. ಆ ಮೇಲೆ ಪ್ರತಿ ಚೆಂಡಿಗೂ ಸಂಖ್ಯೆ ಕುಣಿಯುತ್ತದೆ.

ಕೊನೆಯ ಔಟ್ ಹೇಗಾಯಿತು ಎನ್ನುವುದನ್ನೂ ಹೇಳಬೇಕು, ಏಕೆಂದರೆ ಸ್ಕೋರ್ ಹಾಳೆಯಲ್ಲಿ ಅದು ಎರಡು ಅಂಕಿ ಮಾತ್ರ. ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್. ಲ್ಯೂಕ್ ಆಪ್ಲಿಂಗ್ ಚೆಂಡಿನ ಮೇಲೆ ಚೆಂಡನ್ನು ಗೆರೆಯಾಚೆ ಹೊಡೆದು ಫೌಲ್ ಮಾಡುತ್ತಾ ಫೆಲ್ಲರ್ ಅವರನ್ನು ಸತಾಯಿಸಿ ಕೊನೆಗೆ ವಾಕ್ ಪಡೆದರು. ವಾಕ್ ಎಂದರೆ ಗುರಿ ತಪ್ಪಿದ ನಾಲ್ಕು ಚೆಂಡಿಗೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್. ಅದು ಹಿಟ್ ಅಲ್ಲ, ಹಾಗಾಗಿ ನೋ-ಹಿಟರ್ ಕೆಡುವುದಿಲ್ಲ. ಅಂದು ಫೆಲ್ಲರ್ ಐದು ವಾಕ್ ಕೊಟ್ಟಿದ್ದರು. ಮುಂದಿನ ಬ್ಯಾಟರ್ ಟಾಫ್ಟ್ ರೈಟ್ ನೆಲಕ್ಕೆ ಬಲವಾಗಿ ಹೊಡೆದ ಚೆಂಡನ್ನು ಎರಡನೇ ಬೇಸ್‌ನ ರೇ ಮ್ಯಾಕ್ ಹಾರಿ ತಡೆದು, ಕೆಳಗೆ ಬಿದ್ದದ್ದನ್ನು ಎತ್ತಿಕೊಂಡು ಮೊದಲ ಬೇಸ್‌ಗೆ ಎಸೆದರು. ಹಾಳೆಯಲ್ಲಿ ಇದು ‘4-3’. ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಶಾರ್ಟ್‌ಸ್ಟಾಪ್ 6, ಎಡ, ನಡು, ಬಲ ಮೈದಾನದವರು 7, 8, 9. ಇದು ಜಾಗದ ಸಂಖ್ಯೆ, ಅಂಗಿಯ ಬೆನ್ನಿನ ಸಂಖ್ಯೆಯಲ್ಲ. ವರದಿಗಳಲ್ಲಿ ಇವೆರಡನ್ನೂ ಕಲಸುವುದು ಮಾಮೂಲಿ ತಪ್ಪು.

ಕ್ರಿಕೆಟ್ ಬಲ್ಲ ಓದುಗರು ಎಡವುವುದು ‘ಸರಾಸರಿ’ ಎಂಬ ಪದದಲ್ಲೇ. ನಮ್ಮ ಕ್ರಿಕೆಟ್ ಸರಾಸರಿ ಎಂದರೆ ರನ್‌ಗಳನ್ನು ಔಟಾದ ಸಲಗಳಿಂದ ಭಾಗಿಸಿದ್ದು. ಬೇಸ್‌ಬಾಲ್ ಸರಾಸರಿಯಲ್ಲಿ ರನ್ನಿಗೆ ಜಾಗವೇ ಇಲ್ಲ: ಹಿಟ್‌ಗಳನ್ನು ‘ಅಟ್ ಬ್ಯಾಟ್’ಗಳಿಂದ ಭಾಗಿಸುತ್ತಾರೆ, ವಾಕ್ ಸಿಕ್ಕ ಸರದಿಯನ್ನು ಛೇದದಿಂದ ತೆಗೆದುಬಿಡುತ್ತಾರೆ. ಮೊದಲ ಪಂದ್ಯದಲ್ಲಿ ನಾಲ್ಕಕ್ಕೆ ಒಂದು ಹಿಟ್ ಎಂದರೆ .250, ಎರಡು ಎಂದರೆ .500. ಒಂದೇ ಹಿಟ್‌ಗೆ 250 ಅಂಕದ ಜಿಗಿತ. ಅದೇ ಆಟಗಾರ ಸೆಪ್ಟೆಂಬರ್‌ನಲ್ಲಿ 600 ಅಟ್ ಬ್ಯಾಟ್ ಮುಗಿಸಿದ್ದರೆ ಒಂದು ಹಿಟ್‌ಗೆ ಸರಾಸರಿ ಎರಡು ಅಂಕವೂ ಕದಲುವುದಿಲ್ಲ. ಮೊದಲ ದಿನದ .500 ಆ ಆಟಗಾರ ಹೇಗಿದ್ದಾನೆ ಎಂಬುದಕ್ಕಿಂತ ಛೇದ ಎಷ್ಟು ಸಣ್ಣದು ಎಂಬುದನ್ನೇ ಹೆಚ್ಚು ಹೇಳುತ್ತದೆ.

ಪಿಚರ್‌ಗಳ ಲೆಕ್ಕ ಇನ್ನೂ ವಿಚಿತ್ರ. ಇ.ಆರ್.ಎ. ಎಂದರೆ ಒಂಬತ್ತು ಇನಿಂಗ್ಸ್‌ಗೆ ಪಿಚರ್ ಎಷ್ಟು ರನ್ ಬಿಟ್ಟುಕೊಡುತ್ತಾನೆ ಎಂಬ ಅಳತೆ: ಅವನ ಪಾಲಿನ ರನ್ ಗುಣಿಸು 9, ಭಾಗಿಸು ಇನಿಂಗ್ಸ್. 1986ರ ಏಪ್ರಿಲ್ 7ರಂದು ಡೆಟ್ರಾಯ್ಟ್‌ನಲ್ಲಿ ಇಡೀ ಮೇಜರ್ ಲೀಗ್ ಋತುವಿನ ಮೊತ್ತಮೊದಲ ಚೆಂಡನ್ನು ಎಸೆದವರು ಟೈಗರ್ಸ್‌ನ ಜ್ಯಾಕ್ ಮಾರಿಸ್. ಬಾಸ್ಟನ್‌ನ ಡ್ವೈಟ್ ಇವಾನ್ಸ್ ಅದನ್ನೇ ಹೋಮ್ ರನ್ ಬಾರಿಸಿದರು. ಆ ಗಳಿಗೆಯಲ್ಲಿ ಲೀಗಿನ ಪಟ್ಟಿ ಹೇಗಿತ್ತು ನೋಡಿ. ಇವಾನ್ಸ್ ಸರಾಸರಿ 1.000. ಗಳಿಸಿದ ಬೇಸ್‌ಗಳನ್ನು ಅಟ್ ಬ್ಯಾಟ್‌ನಿಂದ ಭಾಗಿಸುವ ‘ಸ್ಲಗಿಂಗ್’ 4.000, ಅದಕ್ಕಿಂತ ಮೇಲೆ ಹೋಗಲು ನಿಯಮದಲ್ಲೇ ದಾರಿಯಿಲ್ಲ. ಮಾರಿಸ್ ಅವರದು ಒಂದು ರನ್, ಸೊನ್ನೆ ಔಟ್: 9 ಭಾಗಿಸು 0, ಅಂದರೆ ಅನಂತ. ಪಟ್ಟಿ ಮಾಡುವವರು ಅಲ್ಲಿ ಮಲಗಿದ ಎಂಟನ್ನೋ ಬರೀ ಗೀಟನ್ನೋ ಹಾಕುತ್ತಾರೆ. ಬೇರೆ ರನ್ ಕೊಡದೆ ಒಬ್ಬನನ್ನು ಔಟ್ ಮಾಡಿದರೆ ಆ ಅನಂತ 27.00ಕ್ಕೆ ಇಳಿಯುತ್ತದೆ, ಇಬ್ಬರಿಗೆ 13.50, ಮೂವರಿಗೆ 9.00. ಅನಂತದಿಂದ ಒಂಬತ್ತಕ್ಕೆ ಬರಲು ಮೂರು ಔಟ್ ಸಾಕು! ಅಂದ ಹಾಗೆ ಆ ಪಂದ್ಯ ಗೆದ್ದದ್ದು ಇವಾನ್ಸ್ ಅವರ ಬಾಸ್ಟನ್ ಅಲ್ಲ, ಡೆಟ್ರಾಯ್ಟ್ 6–5. 2018ರಲ್ಲಿ ಚಿಕಾಗೊ ಕಬ್ಸ್‌ನ ಇಯಾನ್ ಹ್ಯಾಪ್ ಕೂಡ ಮಯಾಮಿಯಲ್ಲಿ ಋತುವಿನ ಮೊದಲ ಚೆಂಡನ್ನೇ ಹೋಮ್ ರನ್ ಮಾಡಿದರು. ಅವರ ತಂಡವೇನೋ ಗೆದ್ದಿತು.

ಇಲ್ಲೇ ಇನ್ನೊಂದು ಮಾತು. ಪಿಚರ್ ‘8.2 ಇನಿಂಗ್ಸ್’ ಎಸೆದರು ಎಂದು ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಪಟ್ಟಿ) ಹೇಳಿದರೆ ಅದು ಎಂಟು ಮತ್ತು ಹತ್ತರಲ್ಲಿ ಎರಡಲ್ಲ. ಎಂಟು ಇನಿಂಗ್ಸ್, ಎರಡು ಔಟ್. ನಮ್ಮ 8.2 ಓವರ್ ಎಂದರೆ ಎಂಟು ಓವರ್, ಎರಡು ಎಸೆತ ಇದ್ದಂತೆ. ಅಲ್ಲಿ ಚುಕ್ಕಿಯ ಆಚೆ ಆರರ ಲೆಕ್ಕ, ಇಲ್ಲಿ ಮೂರರದು. ಕ್ಯಾಲ್ಕ್ಯುಲೇಟರ್‌ಗೆ 8.2 ಎಂದೇ ಹಾಕಿದರೆ ಇ.ಆರ್.ಎ. ತಪ್ಪು ಬರುತ್ತದೆ. ಮೊದಲ ದಿನ ಕೊನೆಗೆ ಬಂದ ಪಿಚರ್ ಒಬ್ಬನನ್ನು ಔಟ್ ಮಾಡುವಷ್ಟರಲ್ಲಿ ಮೂರು ರನ್ ಕೊಟ್ಟ ಎಂದುಕೊಳ್ಳಿ: 27 ಭಾಗಿಸು 1/3, ಅಂದರೆ 81.00. ಅದನ್ನು ಮರ್ಯಾದೆಯ 3.00ಕ್ಕೆ ತರಲು ಅವನು ಮುಂದೆ ರನ್ ಕೊಡದೆ ಸರಿಯಾಗಿ 8.2 ಇನಿಂಗ್ಸ್ ಎಸೆಯಬೇಕು. ಸಲಕ್ಕೊಂದು ಇನಿಂಗ್ಸ್ ಎಸೆಯುವವನಿಗೆ ಅದು ಒಂಬತ್ತು ಸಲದ, ಮೂರು ವಾರದ ಕೆಲಸ.

ಇನ್ನು ಮೂರು ಹೋಮ್ ರನ್‌ಗಳ ಸಂಗತಿ. ಮೊದಲ ದಿನ ಮೂರು ಬಾರಿಸಿದವರು 2018ರವರೆಗೆ ನಾಲ್ವರು: 1988ರಲ್ಲಿ ಟೊರೊಂಟೊದ ಜಾರ್ಜ್ ಬೆಲ್, 1994ರಲ್ಲಿ ಚಿಕಾಗೊ ಕಬ್ಸ್‌ನ ಟಫಿ ರೋಡ್ಸ್, 2005ರಲ್ಲಿ ಡೆಟ್ರಾಯ್ಟ್‌ನ ಡಿಮಿಟ್ರಿ ಯಂಗ್, 2018ರಲ್ಲಿ ವೈಟ್ ಸಾಕ್ಸ್‌ನ ಮ್ಯಾಟ್ ಡೇವಿಡ್ಸನ್. ಮೂರು ಗುಣಿಸು 162 ಎಂದರೆ 486. ಒಂದು ಋತುವಿನ ದಾಖಲೆ ಬ್ಯಾರಿ ಬಾಂಡ್ಸ್ 2001ರಲ್ಲಿ ಹೊಡೆದ 73. ಇವರು ವರ್ಷದ ಕೊನೆಗೆ ಎಲ್ಲಿಗೆ ಮುಟ್ಟಿದರು? ಬೆಲ್ 24, ರೋಡ್ಸ್ 8, ಯಂಗ್ 21, ಡೇವಿಡ್ಸನ್ 20. ಒಬ್ಬರೂ 30 ದಾಟಲಿಲ್ಲ. ಬೆಲ್ ಹಿಂದಿನ ವರ್ಷವಷ್ಟೇ 47 ಹೊಡೆದು ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡಿದ್ದವರು. ಮೂರರ ಆರಂಭ ಸಿಕ್ಕ ವರ್ಷವೇ ಅರ್ಧಕ್ಕೆ ಇಳಿದರು.

ರೋಡ್ಸ್ ಕಥೆಯಲ್ಲಿ ಇನ್ನೂ ತಿರುವುಗಳಿವೆ. ರಿಗ್ಲಿ ಫೀಲ್ಡ್‌ನಲ್ಲಿ ಆ ಮೂರನ್ನೂ ಹೊಡೆದದ್ದು ನ್ಯೂಯಾರ್ಕ್ ಮೆಟ್ಸ್‌ನ ಹೆಸರಾಂತ ಪಿಚರ್ ಡ್ವೈಟ್ ಗುಡನ್ ಎಸೆತಗಳಿಗೆ, ಋತುವಿನ ಮೊದಲ ಮೂರು ಸರದಿಗಳಲ್ಲೇ. ಮೂರೂ ಹೊಡೆದಾಗ ಬೇಸ್‌ಗಳು ಖಾಲಿ, ಹಾಗಾಗಿ ಬಂದದ್ದು ಮೂರೇ ರನ್. ಕಬ್ಸ್ 12–8ರಿಂದ ಸೋತರು. ಆಗಸ್ಟ್‌ನಲ್ಲಿ ಆಟಗಾರರ ಮುಷ್ಕರ ಬಂದು ಋತುವೇ ನಿಂತುಹೋಯಿತು. ಮೇಜರ್ ಲೀಗ್‌ನಲ್ಲಿ ಅವರ ಒಟ್ಟು ಹೋಮ್ ರನ್ 13, ಅದರಲ್ಲಿ ಮೂರು ಆ ಒಂದೇ ಮಧ್ಯಾಹ್ನದ್ದು. ಆಮೇಲೆ ಜಪಾನ್‌ಗೆ ಹೋದವರು ಅಲ್ಲಿ 464 ಹೊಡೆದರು. 2001ರಲ್ಲಿ 55 ಬಾರಿಸಿ ಸದಾಹರು ಓ ಅವರ ಋತುವಿನ ದಾಖಲೆಯನ್ನು ಸರಿಗಟ್ಟಿದರು. ಮೊಳಕೆ ಒಂದು ನೆಲದಲ್ಲಿ ಕಂಡಿತು, ಪೈರು ಇನ್ನೊಂದು ನೆಲದಲ್ಲಿ ಬಂತು.

ಈ ನಾಲ್ವರಲ್ಲಿ ಮೊದಲ ಮೂವರ ದಿನಾಂಕವೂ ಏಪ್ರಿಲ್ 4 ಎನ್ನುವುದು ಪ್ರತಿ ವರ್ಷ ‘ವಿಸ್ಮಯ’ ಎಂದು ಅಚ್ಚಾಗುತ್ತದೆ. ವಿಸ್ಮಯವೇನಿಲ್ಲ, ಪಂಚಾಂಗ. ಆ ಕಾಲದಲ್ಲಿ ಹೆಚ್ಚಿನ ತಂಡಗಳ ಋತು ಏಪ್ರಿಲ್‌ನ ಆರಂಭದ ಸೋಮವಾರ ತೊಡಗುತ್ತಿತ್ತು. ಅಧಿಕ ವರ್ಷಗಳ ಲೆಕ್ಕದಲ್ಲಿ ಒಂದೇ ತಾರೀಖು ಒಂದೇ ವಾರಕ್ಕೆ ಮರಳುವುದು ಐದು, ಆರು ಅಥವಾ ಹನ್ನೊಂದು ವರ್ಷಕ್ಕೊಮ್ಮೆ. 1988ರಿಂದ 1994 ಆರು ವರ್ಷ, 1994ರಿಂದ 2005 ಹನ್ನೊಂದು, ಮೂರೂ ಸೋಮವಾರಗಳೇ. 365 ದಿನಗಳಲ್ಲಿ ಒಂದೇ ದಿನ ಮೂರು ಸಲ ಬಿದ್ದದ್ದಲ್ಲ, ಏಳೆಂಟು ದಿನಗಳ ಕಿಂಡಿಯಲ್ಲಿ ಬಿದ್ದದ್ದು. ಹ್ಯಾಂಕ್ ಆರನ್ 1974ರಲ್ಲಿ ಸಿನ್ಸಿನಾಟಿಯಲ್ಲಿ ಋತುವಿನ ತಮ್ಮ ಮೊದಲ ಬೀಸಿಗೇ ವೃತ್ತಿಜೀವನದ 714ನೇ ಹೋಮ್ ರನ್ ಹೊಡೆದು ಬೇಬ್ ರೂತ್ ಅವರ ದಾಖಲೆಯನ್ನು ಸರಿಗಟ್ಟಿದ್ದೂ ಏಪ್ರಿಲ್ 4ರಂದೇ. ಅದು ಗುರುವಾರ, ಅದನ್ನು ಬೇಕಾದರೆ ಕಾಕತಾಳೀಯ ಎನ್ನಿ.

ಟೈಲರ್ ಓ’ನೀಲ್ ಸಾಧನೆ ಬೇರೆ ಜಾತಿಯದು. 2020ರಿಂದ 2025ರವರೆಗೆ ಆರು ವರ್ಷ, ತಪ್ಪದೆ ಮೊದಲ ಪಂದ್ಯದಲ್ಲಿ ಹೋಮ್ ರನ್. ನಾಲ್ಕು ಸೇಂಟ್ ಲೂಯಿಸ್‌ಗೆ, ಒಂದು ಬಾಸ್ಟನ್‌ಗೆ, ಒಂದು ಬಾಲ್ಟಿಮೋರ್‌ಗೆ. ಅದಕ್ಕೆ ಮೊದಲು ಸತತ ನಾಲ್ಕೇ ಗರಿಷ್ಠವಾಗಿತ್ತು, ಯೋಗಿ ಬೆರಾ ಅಂಥವರ ಹೆಸರಲ್ಲಿ. ಆರು ಪಂದ್ಯಕ್ಕೊಂದು ಹೋಮ್ ರನ್ ಹೊಡೆಯಬಲ್ಲ ಗಟ್ಟಿ ಬ್ಯಾಟರ್ ಎಂದು ಹಿಡಿದರೂ ಆರು ಮೊದಲ ದಿನ ಸತತವಾಗಿ ಒದಗಿಬರುವ ಸಾಧ್ಯತೆ ಆರು ಮುಖದ ದಾಳದಲ್ಲಿ ಆರು ಸಲ ಆರು ಬಿದ್ದಂತೆ: 46,656ರಲ್ಲಿ ಒಂದು. ಆದರೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ದಾಳ ಹಾಕಿದವರು ಸಾವಿರಾರು ಮಂದಿ. ಯಾರಿಗಾದರೂ ಬೀಳಬಹುದೆಂಬ ಸಂಖ್ಯೆ ಬೇರೆ, ಇವರಿಗೇ ಬೀಳಬಹುದೆಂಬ ಸಂಖ್ಯೆ ಬೇರೆ. ಸುದ್ದಿ ಬರೆಯುವವರು ಸಾಮಾನ್ಯವಾಗಿ ಎರಡನೆಯದನ್ನು ಲೆಕ್ಕ ಹಾಕಿ ಮೊದಲನೆಯದರ ತಲೆಬರಹ ಕೊಡುತ್ತಾರೆ.

ತಂಡಗಳ ಮೊದಲ ಫಲಿತಾಂಶವೂ ಹೆಚ್ಚೇನೂ ಹೇಳುವುದಿಲ್ಲ. ಮೆಟ್ಸ್ 1962ರಲ್ಲಿ ಹುಟ್ಟಿದಾಗಿನಿಂದ 1969ರವರೆಗೆ ಎಂಟೂ ಮೊದಲ ಪಂದ್ಯ ಸೋತರು. ಎಂಟನೆಯದನ್ನು ಸೋತದ್ದು ಅಂದೇ ಹುಟ್ಟಿದ ಮಾಂಟ್ರಿಯಲ್ ಎಕ್ಸ್‌ಪೋಸ್ ಎದುರು, 11–10. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೆಟ್ಸ್ ವರ್ಲ್ಡ್ ಸೀರೀಸ್ (ವರ್ಷದ ಅಂತಿಮ ಪ್ರಶಸ್ತಿ) ಗೆದ್ದರು. ಮೊಳಕೆಯ ಗಾದೆಯ ಪರವಾಗಿಯೂ ಒಂದು ಸಾಕ್ಷಿ ಇದೆ, ಮುಚ್ಚಿಡಬಾರದು: ಬೆಲ್ ಮೂರು ಹೊಡೆದ 1988ರ ಏಪ್ರಿಲ್ 4ರಂದೇ ಬಾಲ್ಟಿಮೋರ್ ಓರಿಯೋಲ್ಸ್ ಮಿಲ್ವಾಕಿಗೆ 12–0ಯಿಂದ ಸೋತರು, ಹಾಗೇ ಸೋಲುತ್ತಾ 21 ಪಂದ್ಯ ಸೋತರು.

ಕೆಲವು ದಾಖಲೆಗಳು ಬದಲಾಗುವುದು ಮೈದಾನದಲ್ಲಲ್ಲ, ಸಭೆಯಲ್ಲಿ. 1909ರ ಏಪ್ರಿಲ್ 15ರಂದು ನ್ಯೂಯಾರ್ಕ್ ಜಯಂಟ್ಸ್‌ನ ಲಿಯಾನ್ ಏಮ್ಸ್ ಬ್ರೂಕ್ಲಿನ್‌ಗೆ ಒಂಬತ್ತು ಇನಿಂಗ್ಸ್ ಹಿಟ್ ಕೊಡಲಿಲ್ಲ. ಅವರ ತಂಡವೂ ರನ್ ಮಾಡಲಿಲ್ಲ. ಆಟ ಬೆಳೆಯಿತು, ಹತ್ತನೆಯದರಲ್ಲಿ ಹಿಟ್ ಬಿತ್ತು, ಹದಿಮೂರನೆಯದರಲ್ಲಿ 3–0 ಸೋಲು. 1991ರಲ್ಲಿ ಲೀಗಿನ ಅಂಕಿಅಂಶ ಸಮಿತಿ ನೋ-ಹಿಟರ್‌ಗೆ ವ್ಯಾಖ್ಯೆ ಗಟ್ಟಿ ಮಾಡಿತು: ಕನಿಷ್ಠ ಒಂಬತ್ತು ಇನಿಂಗ್ಸ್ ಇರಬೇಕು, ಪಂದ್ಯ ಮುಗಿಯುವವರೆಗೂ ಹಿಟ್ ಇರಬಾರದು. ಎಂಬತ್ತೆರಡು ವರ್ಷದ ಮೇಲೆ ಏಮ್ಸ್ ಹೆಸರು ಪಟ್ಟಿಯಿಂದ ಹೋಯಿತು, ಫೆಲ್ಲರ್ ಒಂಟಿಯಾದರು.

ಫೆಲ್ಲರ್ ಇನ್ನು ಮುಂದೆಯೂ ಒಂಟಿಯಾಗಿಯೇ ಉಳಿಯುವ ಸಂಭವ ಹೆಚ್ಚು. ಕಾರಣ ಪ್ರತಿಭೆಯದಲ್ಲ, ತೋಳಿನದು. ಋತುವಿನ ಆರಂಭದಲ್ಲಿ ಪಿಚರ್‌ನ ತೋಳು ಇನ್ನೂ ಪೂರ್ತಿ ಹುರಿಗೊಂಡಿರುವುದಿಲ್ಲ. ಎಂಬತ್ತು ತೊಂಬತ್ತು ಎಸೆತವಾಗುತ್ತಿದ್ದಂತೆ ತರಬೇತುದಾರರು ಕರೆದುಬಿಡುತ್ತಾರೆ. 2025ರ ಮಾರ್ಚ್ 18ರಂದು ಟೋಕಿಯೊದಲ್ಲಿ ನಡೆದ ಋತುವಿನ ಮೊದಲ ಪಂದ್ಯದಲ್ಲಿ ಕಬ್ಸ್‌ನ ಶೋಟಾ ಇಮನಾಗ ಡಾಜರ್ಸ್‌ಗೆ ನಾಲ್ಕು ಇನಿಂಗ್ಸ್ ಹಿಟ್ ಕೊಡಲಿಲ್ಲ. ಆದರೆ ನಾಲ್ಕು ವಾಕ್ ಸೇರಿ ಎಸೆತ 69 ಆಗಿತ್ತು. ಐದನೇ ಇನಿಂಗ್ಸ್‌ಗೆ ಅವರು ಬರಲಿಲ್ಲ, ಡಾಜರ್ಸ್ 4–1ರಿಂದ ಗೆದ್ದರು. 1926ರಲ್ಲಿ ವಾಷಿಂಗ್ಟನ್‌ನ ವಾಲ್ಟರ್ ಜಾನ್ಸನ್ 38ನೇ ವಯಸ್ಸಿನಲ್ಲಿ ಮೊದಲ ದಿನ 15 ಇನಿಂಗ್ಸ್ ಎಸೆದು 1–0 ಗೆದ್ದಿದ್ದರು. ಎದುರಾಳಿ ಎಡ್ಡಿ ರಾಮೆಲ್ ಕೂಡ ಕೊನೆಯವರೆಗೂ ಎಸೆದರು. ಇಂದು ಹಾಗೆ ಬಿಟ್ಟರೆ ತರಬೇತುದಾರರ ಕೆಲಸ ಹೋಗುತ್ತದೆ.

ನಿಯಮವೇ ಬೀಗ ಹಾಕಿದ ದಾಖಲೆಯೂ ಉಂಟು. 2017ರ ಏಪ್ರಿಲ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದ ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಅರಿಝೋನಾ ವಿರುದ್ಧ ತಾವೇ ಎರಡು ಹೋಮ್ ರನ್ ಹೊಡೆದರು. ಮೊದಲ ದಿನ ಪಿಚರೊಬ್ಬರು ಎರಡು ಹೊಡೆದದ್ದು ಅದೇ ಮೊದಲು. ಆರನೇ ಇನಿಂಗ್ಸ್‌ನಲ್ಲಿ ಒಬ್ಬರು ಔಟಾಗುವವರೆಗೆ ಎದುರಾಳಿಯ ಒಬ್ಬರನ್ನೂ ಬೇಸ್ ಮುಟ್ಟಲು ಬಿಟ್ಟಿರಲಿಲ್ಲ, 11 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು. ತಂಡ 6–5ರಿಂದ ಸೋತಿತು. 2022ರಿಂದ ಎರಡೂ ಲೀಗ್‌ಗಳಲ್ಲಿ (ಅಮೆರಿಕನ್, ನ್ಯಾಷನಲ್) ಪಿಚರ್ ಬದಲಿಗೆ ಬೇರೊಬ್ಬರು ಬ್ಯಾಟ್ ಮಾಡುವ ನಿಯಮ ಬಂದಿದೆ. ಶೋಹೆ ಒಟಾನಿಯಂಥ ಎರಡೂ ಬಲ್ಲವರನ್ನು ಬಿಟ್ಟರೆ ಇನ್ನು ಆ ಸಾಲಿಗೆ ಯಾರೂ ಸೇರುವಂತಿಲ್ಲ.

‘ಮೊದಲ ದಿನ’ ಎಂದರೇನು ಎಂಬುದನ್ನೂ ನಿಮ್ಮ ಉಪಸಂಪಾದಕರು ಒಮ್ಮೆ ಗಮನಿಸಬೇಕು. ಅದು ಆಯಾ ತಂಡದ ಮೊದಲ ಪಂದ್ಯ, ಕ್ಯಾಲೆಂಡರಿನ ಒಂದು ತಾರೀಖಲ್ಲ. 2024ರಲ್ಲಿ ಡಾಜರ್ಸ್ ಮತ್ತು ಸ್ಯಾನ್ ಡಿಯಾಗೊ ಮಾರ್ಚ್ 20ರಂದು ಸೋಲ್‌ನಲ್ಲಿ ಆಡಿದರೆ ಉಳಿದವರು ಶುರು ಮಾಡಿದ್ದು ಎಂಟು ದಿನ ಕಳೆದು. ಕೋವಿಡ್ ವರ್ಷ 2020ರಲ್ಲಿ ಮೊದಲ ದಿನ ಬಂದದ್ದು ಜುಲೈ ಕೊನೆಗೆ, ಋತುವೂ 60 ಪಂದ್ಯದ್ದು. ಹೂಸ್ಟನ್‌ನ ರೊನೆಲ್ ಬ್ಲಾಂಕೊ 2024ರ ಏಪ್ರಿಲ್ 1ರಂದು ಎಸೆದ ನೋ-ಹಿಟರ್ ತಾರೀಖಿನ ಪ್ರಕಾರ ಅತಿ ಮುಂಚಿನದು, ಆದರೆ ಅದು ಅವರ ತಂಡದ ಮೊದಲ ಪಂದ್ಯವಲ್ಲ. ‘ಅತಿ ಮುಂಚಿನ’ ಮತ್ತು ‘ಮೊದಲ ದಿನದ’ ಎರಡನ್ನೂ ಒಂದೇ ಎಂದು ಬರೆದರೆ ಫೆಲ್ಲರ್‌ಗೆ ಅನ್ಯಾಯ.

ಸ್ಕೋರ್ ಕೂಡ ಕೆಲವೊಮ್ಮೆ ಆಡಿದ್ದಲ್ಲ. 1907ರ ಏಪ್ರಿಲ್ 11ರಂದು ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಹಿಮವನ್ನು ಗುದ್ದಲಿಯಿಂದ ಬದಿಗೆ ಒಟ್ಟಿ ಮೊದಲ ಪಂದ್ಯ ಆಡಿಸಿದರು. ಜಯಂಟ್ಸ್ 3–0 ಹಿಂದಿದ್ದಾಗ ಜನ ಆ ಗುಡ್ಡೆಗಳಿಂದ ಹಿಮದುಂಡೆ ಮಾಡಿ ಎಸೆಯತೊಡಗಿದರು, ಮೈದಾನಕ್ಕೇ ನುಗ್ಗಿದರು. ತಡೆಯಲು ಪೊಲೀಸರಿರಲಿಲ್ಲ. ಅಂಪೈರ್ ಬಿಲ್ ಕ್ಲೆಮ್ ಪಂದ್ಯವನ್ನು ಫಿಲಡೆಲ್ಫಿಯಾಗೆ ಬಿಟ್ಟುಕೊಟ್ಟರು. ದಾಖಲೆಯಲ್ಲಿ ಅದು 9–0: ಇನಿಂಗ್ಸ್‌ಗೊಂದು ರನ್‌ನಂತೆ ನಿಯಮ ಕೊಡುವ ಅಂಕ.

ನನ್ನ ಕೋರಿಕೆ ಸಣ್ಣದು. ನಾಲ್ಕು ಸಾಲಿನ ಸುದ್ದಿಗೆ ಐದನೆಯ ಸಾಲೊಂದು ಸೇರಲಿ: ಎಷ್ಟು ಅಟ್ ಬ್ಯಾಟ್, ಎಷ್ಟು ಎಸೆತ, ಬೇಸ್ ಮೇಲೆ ಎಷ್ಟು ಮಂದಿ ಇದ್ದರು, ಗೆದ್ದವರು ಯಾರು. ಹೋಮ್ ರನ್ನನ್ನು ‘ಸಿಕ್ಸರ್’ ಎನ್ನುವುದು ಬೇಡ. ಸಿಕ್ಸರ್‌ಗೆ ಯಾವಾಗಲೂ ಆರು, ಹೋಮ್ ರನ್‌ಗೆ ಬೇಸ್ ಮೇಲಿದ್ದವರನ್ನು ಹಿಡಿದು ಒಂದರಿಂದ ನಾಲ್ಕು. ಅಮೆರಿಕದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಮನೆಗಳಲ್ಲಿ ಈ ಸುದ್ದಿ ಓದುವವರಿದ್ದಾರೆ. ಅವರಿಗಾಗಿ ಸಮಯವನ್ನೂ ಕೊಡಿ. ನ್ಯೂಯಾರ್ಕ್‌ನ ಮಧ್ಯಾಹ್ನ 1.05 ಎಂದರೆ ಆ ತಿಂಗಳುಗಳಲ್ಲಿ ನಮಗೆ ರಾತ್ರಿ 10.35.

ಸೋಲ್‌ನ ಆ ಪಂದ್ಯದ್ದೇ ಉದಾಹರಣೆ. ‘ಡಾಜರ್ಸ್‌ಗೆ 5–2 ಜಯ’ ಎಂದಷ್ಟೇ ಎಲ್ಲೆಡೆ ಬಂತು. ಎಂಟನೇ ಇನಿಂಗ್ಸ್‌ನಲ್ಲಿ ಗ್ಯಾವಿನ್ ಲಕ್ಸ್ ನೆಲಕ್ಕೆ ಹೊಡೆದ ಸಾಧಾರಣ ಚೆಂಡು ಮೊದಲ ಬೇಸ್‌ನ ಜೇಕ್ ಕ್ರೊನೆನ್‌ವರ್ತ್ ಅವರ ಕೈಗವಸಿಗೆ ನೇರವಾಗಿ ಬಂದು, ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಚರ್ಮದ ಬಲೆಯನ್ನು ಹರಿದು ಆಚೆ ಹೋಯಿತು. ಮುನ್ನಡೆಯ ರನ್ ಬಂದದ್ದು ಅದರಿಂದ. ಚರ್ಮದ ದಾರ ಕಿತ್ತದ್ದಕ್ಕೆ ಸ್ಕೋರ್ ಹಾಳೆಯಲ್ಲಿ ಬೇರೆ ಗುರುತಿಲ್ಲ. ಅಲ್ಲಿ ಬರೆದದ್ದು ‘ಇ-3’, ಮೊದಲ ಬೇಸ್‌ನವನ ತಪ್ಪು.

ಇಂತಿ,
ಕ್ರೀಡಾಪುಟದ ಓದುಗ, ಬೆಂಗಳೂರು